ಉದ್ದ ಬೋಲ್ಟು ಮತ್ತು ನನ್ನ ಸೋಮವಾರದ ಉಪವಾಸ

ನನ್ನ ತಲೆನೋವಿಗೆ ಉಪವಾಸವೇ ಕಾರಣ ಎಂದು ಮನೆಯವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಮದುವೆಯಾಗಿ ಬಂದಾಗಿನಿಂದ ಸೋಮವಾರ ಸಂಜೆ ಪೂಜೆ ಮುಗಿಯುವ ತನಕ ಒಂದು ಲೋಟ ಹಾಲು ಬಿಟ್ಟರೆ ನಾನು ಬಾಯಿಗೆ ಏನೂ ಹಾಕುವುದಿಲ್ಲ. ಇಷ್ಟು ವರ್ಷ ಬಾರದ ತಲೆಶೂಲೆ ಈಗ ಯಾಕೆ ಬಂತು ಎಂದು ಒಬ್ಬರೂ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಒಂದು ಹಳೆಯ ಕಾರಿದೆ. ಮಾವನವರು ಹತ್ತಿ ಮಾರಿದ ವರ್ಷ ತಂದದ್ದು. ನಮ್ಮ ಯಜಮಾನರಿಗೆ ಅದೆಂದರೆ ಜೀವ. ಗುಡಗೇರಿಯ ತಮ್ಮ ಕಾಳಿನ ಅಂಗಡಿಯಿಂದ ಬಂದವರೇ ಮೊದಲು ಅದರ ಮೈಮೇಲಿನ ಧೂಳು ಒರೆಸಿ, ಆಮೇಲೆ ತಮ್ಮ ಕಾಲು ತೊಳೆಯುತ್ತಾರೆ. ಹಳೆಯ ಕಾರು ಇಟ್ಟುಕೊಂಡವರ ಒಂದು ಗುಂಪು ಅವರ ಫೋನಿನಲ್ಲಿದೆ. ಹೊಗೆ ಸೋಸುವ ಡಬ್ಬಿಯನ್ನು ತೆಗೆದುಹಾಕಿದರೆ ಗಾಡಿ ಹುಲಿಯ ಹಾಗೆ ಓಡುತ್ತದೆ ಎಂದು ಅದರಲ್ಲಿ ಯಾರೋ ಬರೆದರು. ಮಿಸ್ತ್ರಿ ಬಂದ, ಅರ್ಧ ದಿನ ಅಂಗಳದಲ್ಲಿ ಕಾರಿನ ಕೆಳಗೆ ಮಲಗಿದ್ದು ಎದ್ದ. ಡಬ್ಬಿ ಗುಜರಿಗೆ ಹೋಯಿತು. ಅದನ್ನು ಹಿಡಿದಿಟ್ಟಿದ್ದ ದಪ್ಪ ಕಬ್ಬಿಣದ ಪಟ್ಟಿಯೂ ಅದರ ಹಿಂದೆ ಹೋಯಿತು. ಪಟ್ಟಿಯನ್ನೂ ಹೊಗೆ ಪೈಪನ್ನೂ ಸೇರಿಸಿ ಇಂಜಿನ್ನಿಗೆ ಬಿಗಿದಿದ್ದ ಬೋಲ್ಟುಗಳನ್ನು ಮಾತ್ರ ಆತ ಮತ್ತೆ ಅದೇ ಜಾಗಕ್ಕೆ ಹಾಕಿದ. ಡಬ್ಬಿಯ ವೈರು ಹಾದುಹೋಗಿದ್ದ ತೂತು, ಇಂಜಿನ್ನಿಗೂ ನಾವು ಕೂಡುವ ಜಾಗಕ್ಕೂ ನಡುವಿನ ತಗಡಿನಲ್ಲಿ, ಬಾಯಿ ತೆರೆದುಕೊಂಡೇ ಉಳಿಯಿತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆವತ್ತು ಕೇಳಿಸಿದ್ದು ಹೊಸದೊಂದು ಟಪಟಪ ಸದ್ದು ಅಷ್ಟೆ.

"ಕೇಳ ಅದರ ದನಿ," ಅಂದರು ಯಜಮಾನರು. "ಈಗ ಬಂತ ನೋಡು ಗಂಡಸ್ತನ."

ಪ್ರತಿ ಸೋಮವಾರ ನಾವು ಅತ್ತೆಯವರನ್ನು ಮನೆತನದ ಗುರುಮಠಕ್ಕೆ ಕರೆದೊಯ್ಯುತ್ತೇವೆ. ಮುಕ್ಕಾಲು ತಾಸಿನ ದಾರಿ. ಎಂಬತ್ತು ದಾಟಿದ ಜೀವ, ಮೊಣಕಾಲು ಸೋತಿವೆ, ವಾರಕ್ಕೊಮ್ಮೆ ಆ ಗದ್ದುಗೆಗೆ ಹಣೆ ಮುಟ್ಟಿಸದಿದ್ದರೆ ಊಟ ಸೇರುವುದಿಲ್ಲ. ಹಿಂದಿನ ಸೀಟಿನಲ್ಲಿ ಅವರು, ಪಕ್ಕದಲ್ಲಿ ನಾನು. ಅವರ ಕಿವಿಗೆ ಗಾಳಿ ಆಗಬಾರದೆಂದು ಕಿಟಕಿ ಏರಿಸುತ್ತಿದ್ದೆ. ಅದು ಕೊನೆಯ ಎರಡು ಬೆರಳಿನಷ್ಟು ಏರುತ್ತಿರಲಿಲ್ಲ. ಆ ಸಂದಿಗೆ ನಾನೇ ಕೈಯಾರೆ ಬಟ್ಟೆ ತುರುಕುತ್ತಿದ್ದೆ. ಯಜಮಾನರು ತಮ್ಮ ಕಿಟಕಿ ತೆರೆದು, ಮೊಣಕೈ ಹೊರಗಿಟ್ಟು ಗಾಡಿ ಹೊಡೆಯುತ್ತಿದ್ದರು. ಅವರಿಗೆ ಗಾಳಿ ಸಿಕ್ಕಿತು, ಸ್ಟೇರಿಂಗ್ ಹಿಡಿದವರಿಗೆ ಮಂಪರು ಬರಲಿಲ್ಲ. ಶಿವ ಅಷ್ಟನ್ನಾದರೂ ನೋಡಿಕೊಂಡ.

ಡಬ್ಬಿ ತೆಗೆಸಿದ ಮೇಲಿನ ಮೊದಲ ಸೋಮವಾರವೇ ನನಗೆ ತಲೆ ಸಿಡಿಯಿತು. ಎರಡನೆಯ ವಾರವೂ ಅಷ್ಟೆ. ಅತ್ತೆಯವರು ಮಾತ್ರ ಊರು ದಾಟುವುದರೊಳಗೆ ನಿದ್ದೆ ಹೋಗುತ್ತಿದ್ದರು. ಅದುವರೆಗೆ ದಾರಿಯುದ್ದಕ್ಕೂ ಯಾರ ಹೊಲದಲ್ಲಿ ಯಾವ ಬೆಳೆ ಎಂದು ಲೆಕ್ಕ ಒಪ್ಪಿಸುತ್ತಿದ್ದವರು. "ಅವ್ವಗ ಗಾಡಿ ತೊಟ್ಟಿಲಾಗೇತಿ," ಎಂದು ಮಗ ಖುಷಿಪಟ್ಟರು.

ನನ್ನ ತಲೆನೋವಿನ ವಿಷಯಕ್ಕೆ ಬಂದರೆ ಅವರದು ಒಂದೇ ಮಾತು. "ಹೊಟ್ಟಿ ಖಾಲಿ ಇಟಗೊಂಡು ಗಾಡ್ಯಾಗ ಕೂತ್ರ ತಲಿ ನೋಯದ ಮತ್ತೇನಾಗತೈತಿ? ಶಿವಾ ಏನ್ ನಿನಗ ಉಪಾಸ ಸಾಯಿ ಅಂದಾನೇನು?"

ಅವರ ತಂಗಿಗೂ ಸುದ್ದಿ ಮುಟ್ಟಿತು. ಆಕೆ ಫೋನಿನಲ್ಲಿ, "ವೈನಿ, ವಯಸ್ಸಾತ್ ಬಿಡ್ರಿ. ದೇವರೂ ತಿಳಕೊಂತಾನ," ಅಂದಳು. ಮಠದ ಅಂಗಳದಲ್ಲಿ ನಾಲ್ಕು ಮಂದಿಯ ಮುಂದೆ ಯಜಮಾನರು ಇದನ್ನೇ ಹೇಳಿ ನಕ್ಕರು. ನಾಲ್ಕನೆಯ ಸೋಮವಾರ ಬೆಳಿಗ್ಗೆ ನನ್ನ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟು, ತಿನ್ನುವ ತನಕ ಎದುರಿಗೆ ನಿಂತರು. ತಿಂದೆ. ಬಾಣಂತನದಲ್ಲೂ ಬಿಡದ ಸೋಮವಾರವನ್ನು ಆವತ್ತು ಮುರಿದೆ. ಮಠ ಮುಟ್ಟುವ ಮೊದಲೇ ಆ ಉಪ್ಪಿಟ್ಟು ರಸ್ತೆ ಬದಿಯ ಬೇವಿನ ಗಿಡದ ಬುಡಕ್ಕೆ ಹೋಯಿತು. ಅದಕ್ಕೂ ಅವರಲ್ಲಿ ಉತ್ತರವಿತ್ತು.

"ರೂಢಿ ಇಲ್ಲಲ್ಲ, ಅದಕ್ಕ."

ಐದನೆಯ ಸೋಮವಾರ ಮಠದ ಬಾಗಿಲಲ್ಲಿ ಅತ್ತೆಯವರು ಏಳಲಿಲ್ಲ. ಕೂಗಿದೆ, ಅಲುಗಿಸಿದೆ, ಕೆನ್ನೆ ತಟ್ಟಿದೆ. ಬಾಗಿಲು ಪೂರ್ತಿ ತೆರೆದು, ಮುಖಕ್ಕೆ ನೀರು ಚಿಮುಕಿಸಿ ಎಷ್ಟೋ ಹೊತ್ತಾದ ಮೇಲೆ ಕಣ್ಣು ಬಿಟ್ಟು, "ನಿಮ್ಮ ಮಾವ ಉಂಡ್ರೇನು?" ಎಂದು ಕೇಳಿದರು. ಮಾವನವರು ಹೋಗಿ ಒಂಬತ್ತು ವರ್ಷ. ಸುತ್ತ ನಿಂತವರು ನಕ್ಕರು, ಮುದುಕಿ ಕನಸು ಕಾಣಾಕ್ಹತ್ತಿದ್ಲು ಎಂದರು. ನನಗೆ ನಗು ಬರಲಿಲ್ಲ. ವಾರವೆಲ್ಲ ಆ ಮುಖವೇ ಕಣ್ಣಮುಂದೆ.

ಮುಂದಿನ ಸೋಮವಾರ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಗಳಿಗೆ ಪೂಜೆ. ಕಾರನ್ನು ತೊಳೆದು, ಚಕ್ರಕ್ಕೆ ಲಿಂಬೆಹಣ್ಣಿಟ್ಟು, ಇಂಜಿನ್ನಿಗೆ ವಿಭೂತಿ ಹಚ್ಚಲು ಮುಂದಿನ ಮುಚ್ಚಳ ಎತ್ತಿದೆ. ಹೋದ ಅಮಾವಾಸ್ಯೆಗೆ ನೀರಲ್ಲಿ ಕಲಸಿ ಹಚ್ಚಿದ್ದ ಪಟ್ಟೆಗಳು ಇನ್ನೂ ಇದ್ದವು. ಡಬ್ಬಿ ತೆಗೆದಿದ್ದ ಜಾಗದಲ್ಲಿ, ಇಂಜಿನ್ನಿಗೆ ಹೊಗೆ ಪೈಪು ಕೂಡುವಲ್ಲಿ, ಕಬ್ಬಿಣ ಬರೀ ಹಣೆಯಂತೆ ಕಂಡದ್ದಕ್ಕೆ ಅಲ್ಲೂ ಮೂರು ಪಟ್ಟೆ ಎಳೆದಿದ್ದೆ. ಉಳಿದ ಕಡೆ ವಿಭೂತಿ ಧೂಳು ಹಿಡಿದಿದ್ದರೂ ಬೆಳ್ಳಗಿತ್ತು. ಅಲ್ಲಿ ಮಾತ್ರ ಒಲೆಯ ಮೇಲಿನ ಗೋಡೆಯ ಹಾಗೆ ಕಪ್ಪು ಮಸಿ ಕೂತಿತ್ತು, ಕೀಲಿನಿಂದ ಹೊರಕ್ಕೆ ಊದಿದಂತೆ. ಬೋಲ್ಟು ಮುಟ್ಟಿ ನೋಡಿದೆ, ಅಲುಗಲಿಲ್ಲ. ಅದರ ಕೆಳಗಿನ ವಾಷರ್ ಮಾತ್ರ ಉಗುರಿಗೆ ಸಿಕ್ಕಿ ಗಿರಕ್ಕನೆ ತಿರುಗಿತು.

ಕುಕ್ಕರಿಗೆ ತೆಳ್ಳಗಿನ ಹೊಸ ಹಿಡಿಕೆ ಹಾಕಿ ಹಳೆಯ ಉದ್ದ ಸ್ಕ್ರೂ ಬಿಗಿದಾಗ ಇದೇ ಆಗಿತ್ತು. ಸ್ಕ್ರೂ ಬಿಗಿ, ಹಿಡಿಕೆ ಸಡಿಲ.

"ಇವತ್ತ ಅತ್ತಿ ಈ ಗಾಡಿ ಹತ್ತಂಗಿಲ್ರಿ," ಅಂದೆ.

"ಯಾಕ, ಮತ್ತೇನ್ ಶಕುನಾತು?"

"ಶಕುನ ಅಲ್ಲ. ಈಬತ್ತಿ ಕರ್ರಗಾಗೇತಿ. ಹೊಗಿ ಇಲ್ಲಿಂದ ಹೊರಗ ಬರಾಕ್ಹತ್ತೇತಿ."

"ಇಂಜಿನ್ ಕರ್ರಗಾಗದ ಹಾಲಿನಂಗ ಇರತೈತೇನು?"

ಕುಕ್ಕರಿನ ಮಾತು ಹೇಳಿದೆ. ಅವರು ಕಟ್ಟೆಯ ಮೇಲೆ ಇಳಕಲ್ ಸೀರೆಯುಟ್ಟು ತಯಾರಾಗಿ ಕೂತಿದ್ದ ತಾಯಿಯ ಕಡೆ ತಿರುಗಿ ನಕ್ಕರು. "ಕೇಳವಾ, ನಿನ್ನ ಸೊಸಿ ಮಿಸ್ತ್ರಿ ಆಗ್ಯಾಳ."

"ಯಾರರ ಆಗ್ರಿ, ಹೊತ್ತಾತು," ಅಂದರು ಅತ್ತೆ. "ತಮ್ಮಾ, ನಡಿ."

ನಾನು ಕಾರಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಮಿಸ್ತ್ರಿನ ಕರಸ್ರಿ. ಇಲ್ಲಂದ್ರ ಬಸ್ಸಿಗೆ ಕರಕೊಂಡ ಹೋಗ್ತೀನಿ." ಆ ಮನೆಯಲ್ಲಿ ಅವರಿಗೆ ನಾನು ಹಾಗೆ ಎದುರು ನಿಂತದ್ದು ಅದೇ ಮೊದಲು.

ಮಿಸ್ತ್ರಿ ಬಂದು ಬೋಲ್ಟಿಗೆ ಪಾನಾ ಹಾಕಿ ಎಳೆದ. "ಅಗದಿ ಬಿಗಿ ಅದಾವ್ರಿ ಸಾವ್ಕಾರ್ರ."

"ಬೋಲ್ಟ ಬಿಗಿ ಐತಪಾ. ಆ ವಾಷರ್ ತಿರುವಿ ನೋಡು," ಅಂದೆ.

ತಿರುವಿದ. ಬೋಲ್ಟು ಬಿಚ್ಚಿ, ತೂತಿನೊಳಗೆ ಒಂದು ಕಡ್ಡಿ ಇಳಿಸಿ, ಬೋಲ್ಟಿನ ಪಕ್ಕ ಹಿಡಿದು ಅಳೆದ. ವಾಷರ್ ತೋರಿಸಿದವಳು ನಾನು, ಆತ ಹೇಳಿದ್ದು ಯಜಮಾನರಿಗೆ. "ಪಟ್ಟಿ ಹೋತಲ್ರಿ, ಅದರ ದಪ್ಪದಷ್ಟ ಬೋಲ್ಟ ಉದ್ದ ಉಳದಾವು. ತೂತಿನ ತಳಾ ಮುಟ್ಟಿ ನಿಂತಾವು, ಪೈಪ್ ಹಿಡದಿಲ್ಲ. ಯಾರೂ ನೋಡಂಗಿಲ್ರಿ, ಇದ್ದ ಬೋಲ್ಟ ಹಾಕಿ ಬಿಡತಾರ."

"ಆ ಹೊಗಿ ಒಳಗ ಬಂದ್ರ ಏನಾಗತೈತಿ?" ಎಂದು ನಾನೇ ಕೇಳಿದೆ.

ಆತ ತಗಡಿನ ತೂತಿಗೆ ಬೆರಳು ಹಾಕಿ ನೋಡಿದ. ಆಮೇಲೆ, "ಅದರಾಗ ವಾಸನಿ ಇಲ್ಲದ ವಿಷ ಇರತೈತ್ರಿ. ಮಲಗಿದವ್ರು ಏಳಂಗಿಲ್ಲ," ಅಂದ.

ಯಜಮಾನರು ತಾಯಿಯ ಕಡೆ ನೋಡಿದರು. ನಗು ಹೋಗಿತ್ತು. ನಾನು ಒಳಗೆ ಹೋಗಿ ದೇವರ ಮುಂದೆ ಕೂತೆ. ವಿಭೂತಿ ಹಚ್ಚುವ ಈ ಕೈಯಿಂದಲೇ ಕಿಟಕಿಯ ಸಂದಿಗೆ ಬಟ್ಟೆ ತುರುಕಿದ್ದೆನಲ್ಲ. ಆ ಸಿಟ್ಟು ನನ್ನ ಮೇಲಿನದು, ಅದನ್ನು ಯಾರ ಮೇಲೂ ಹಾಕಲಾರೆ.

ಗುಡಗೇರಿಯಿಂದ ಗಿಡ್ಡ ಬೋಲ್ಟು ಬಂದವು, ಪೈಪು ಕೂಡುವಲ್ಲಿಗೆ ಹೊಸ ಪ್ಯಾಕಿಂಗ್ ಬಂತು. ತೂತಿಗೆ ರಬ್ಬರಿಟ್ಟು ತಗಡು ಹೊಡೆಸಿದೆ. ಡಬ್ಬಿ ಎಲ್ಲಿ ಎಂದು ಕೇಳಿದೆ. ಗುಜರಿಯವನು ಅದನ್ನು ಆಗಲೇ ಒಡೆದಿದ್ದನಂತೆ. ಮಸಿ ಒರೆಸಿ, ಕೀಲಿನ ಸುತ್ತ ಹೊಸದಾಗಿ ವಿಭೂತಿ ಹಚ್ಚಿ, ಅರ್ಧ ತಾಸು ಇಂಜಿನ್ ಓಡಿಸಲು ಹೇಳಿದೆ. "ಬೇಕಾಗಿಲ್ರಿ ಅಕ್ಕಾರ," ಅಂದ ಮಿಸ್ತ್ರಿ. "ನನಗ ಬೇಕು," ಅಂದೆ. ಅರ್ಧ ತಾಸಾದರೂ ವಿಭೂತಿ ಬೆಳ್ಳಗೇ ಇತ್ತು. ಟಪಟಪ ಸದ್ದೂ ನಿಂತಿತ್ತು. ಕಿಟಕಿಗಳನ್ನೆಲ್ಲ ತೆಗೆಸಿಯೇ ಅತ್ತೆಯವರನ್ನು ಹತ್ತಿಸಿದೆ.

ದಾರಿಯುದ್ದಕ್ಕೂ ಅವರು ಬೈದರು. ಕಿವಿಗೆ ಗಾಳಿ, ರಸ್ತೆಗೆ ತಗ್ಗು, ಯಾರೋ ಹೊಲದಲ್ಲಿ ಕಸ ಬಿಟ್ಟಿದ್ದಾರೆ, ಯಾರೋ ಬದು ಒತ್ತಿದ್ದಾರೆ. ಒಂದೊಂದು ಬೈಗುಳಕ್ಕೂ ಮನಸ್ಸಿನಲ್ಲೇ ಒಂದು ಶರಣು ಹೇಳಿಕೊಂಡೆ.

ಮಠದ ಅಂಗಳದಲ್ಲಿ ಪರಿಚಯದ ವ್ಯಾಪಾರಿಯೊಬ್ಬರು ತಡ ಯಾಕಾತು ಎಂದು ಕೇಳಿದರು. ಯಜಮಾನರು, "ಹೊಗಿ ಪೈಪಿನ ಬೋಲ್ಟ ಉದ್ದ ಇದ್ದೂರಿ. ನಾ ಹಿಡದೆ, ಚಲೋ ಆತು," ಅಂದರು.

"ನೀವ್ ಹಿಡೀಲಿಲ್ರಿ," ಅಂದೆ ನಾನು, ಅಲ್ಲೇ. "ನಾ ಹಿಡದೆ. ನೀವ್ ನಕ್ಕಿದ್ರಿ."

ವ್ಯಾಪಾರಿ ಚಪ್ಪಲಿ ಹುಡುಕತೊಡಗಿದರು. ಯಜಮಾನರು ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಮಂದಿ ಮುಂದ ಹಂಗ ಅನಬೇಕಾಗಿತ್ತೇನು?" ಅಂದರು.

"ನನ್ನ ಉಪಾಸಕ್ಕೂ ಇಲ್ಲೇ, ಮಂದಿ ಮುಂದನ ನಕ್ಕಿದ್ರಿ."

ಅವರು ತಪ್ಪಾಯಿತು ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ನಾನು ಸೋಮವಾರದ ಉಪವಾಸ ಮತ್ತೆ ಹಿಡಿದಿದ್ದೇನೆ; ತಲೆ ನೋಯುವುದಿಲ್ಲ, ತಟ್ಟೆ ಹಿಡಿದು ಯಾರೂ ಎದುರು ನಿಲ್ಲುವುದಿಲ್ಲ. ಗದ್ದುಗೆಯ ಮುಂದೆ ಅತ್ತೆಯವರ ಜೀವಕ್ಕಾಗಿ ಹಣೆ ಹಚ್ಚಿ ಶರಣೆನ್ನುತ್ತೇನೆ. ಈ ಸಿಟ್ಟನ್ನು ಇಳಿಸು ಎಂದು ಮಾತ್ರ ಇನ್ನೂ ಬೇಡಿಕೊಂಡಿಲ್ಲ.