ಬೀದಿಗೆ ಮುಖ ಮಾಡಿದ ಎರಡನೇ ಮಾನಿಟರ್

ಮೊನ್ನೆ ಅರಸೀಕೆರೆಯಲ್ಲಿ ಬೇಳೆ ಕೊಳ್ಳಲು ಹೊರಟವನು ಗುಜರಿ ಅಂಗಡಿಯೊಂದರ ಮುಂದೆ ನಿಂತುಬಿಟ್ಟೆ. ಅಂಗಡಿಯವನು ಬೆನ್ನು ಉಬ್ಬಿದ ಹಳೆಯ ಮಾನಿಟರೊಂದಕ್ಕೆ ಕರೆಂಟು ಕೊಟ್ಟು ಅದರಲ್ಲಿ ಜೀವವಿದೆಯೇ ಎಂದು ನೋಡುತ್ತಿದ್ದ. ಗಾಜಿನ ಹಿಂದೆಲ್ಲೋ ಸಣ್ಣಗೆ ಟಂಯ್ ಎಂದಿತು. ಆಮೇಲೆ ಒಳಗಿನ ಧೂಳು ಬಿಸಿಯಾಗುವ ವಾಸನೆ ಬಂತು. ಆ ಕಾಲದಲ್ಲಿ ಕಂಪ್ಯೂಟರ್ ಮುಂದೆ ಕೂತವರು ನೀವಾಗಿದ್ದರೆ ಆ ವಾಸನೆಯನ್ನು ನಾನು ವರ್ಣಿಸಬೇಕಾಗಿಲ್ಲ. ಅಲ್ಲದಿದ್ದರೆ, ಅಟ್ಟದ ಮೇಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಇಳಿಸಿ ಬಹಳ ದಿನದ ಮೇಲೆ ಕಾಯಿಸಿದಂತೆ ಎಂದುಕೊಳ್ಳಿ. ನನಗಂತೂ ಬೇಳೆಯೂ ಮರೆತುಹೋಯಿತು, ಮನೆಯಲ್ಲಿ ಕಾಯುತ್ತಿದ್ದ ಸಾರೂ ಮರೆತುಹೋಯಿತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದಿರಬೇಕು. ರೈಲ್ವೆ ಸ್ಟೇಷನ್ನಿನ ಹತ್ತಿರ ನನ್ನದೊಂದು ಕಂಪ್ಯೂಟರ್ ಅಂಗಡಿಯಿತ್ತು. ಬೋರ್ಡಿನ ಮೇಲೆ 'ಕಂಪ್ಯೂಟರ್ ತರಬೇತಿ' ಎಂದು ದೊಡ್ಡದಾಗಿ ಬರೆಸಿದ್ದೆ. ತರಬೇತಿಗೆಂದು ಬಂದವರು ಎರಡನೆಯ ದಿನವೇ ಕಾರ್ ರೇಸಿನ ಆಟಕ್ಕೆ ಕೂರುತ್ತಿದ್ದರು. ನಾನೂ ತಡೆಯಲಿಲ್ಲ. ನನ್ನ ತಂಗಿ ಮಂಜುಳ ಆಗಷ್ಟೇ ಡಿಗ್ರಿ ಮುಗಿಸಿ, ಮುಂದೇನು ಎಂದು ಯೋಚಿಸುತ್ತಾ ನನ್ನ ಜೊತೆ ಅಂಗಡಿ ನೋಡಿಕೊಳ್ಳುತ್ತಿದ್ದಳು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅವಳೂ ಆ ಆಟಕ್ಕೆ ಕೂತಳು. ಮಳೆಗಾಲ ಕಳೆಯುವ ಹೊತ್ತಿಗೆ ಆಟದ ದಾಖಲೆಯ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಅವಳ ಹೆಸರಿತ್ತು.

ಊರ ಹುಡುಗರು ಅದನ್ನು ನಂಬಲಿಲ್ಲ. "ಅಣ್ಣ ಓಡ್ಸಿ ತಂಗಿ ಹೆಸರು ಹಾಕವ್ನೆ ಕಣ್ಲಾ," ಎಂದು ಅಂಗಡಿಯ ಮುಂದೆಯೇ ಮಾತಾಡಿಕೊಂಡರು. ನನ್ನ ಡ್ರೈವಿಂಗ್ ನೋಡಿದ್ದವರು ಯಾರೂ ಈ ಅಪವಾದ ಹೊರಿಸುತ್ತಿರಲಿಲ್ಲ. ಮೊದಲ ತಿರುವಿನಲ್ಲಿಯೇ ನಾನು ಕಾರನ್ನು ಸಮುದ್ರಕ್ಕೆ ಇಳಿಸುತ್ತಿದ್ದೆ. ಆಟ ತಯಾರಿಸಿದವರು ಅಲ್ಲೊಂದು ಸಮುದ್ರ ಇಟ್ಟದ್ದೇ ನನಗಾಗಿ ಎಂಬ ಅನುಮಾನ ಈಗಲೂ ಇದೆ. ಆದರೆ ಮಂಜುಳಳಿಗೆ ಇದು ನಗುವ ವಿಷಯವಾಗಿರಲಿಲ್ಲ. "ಸೋಲು ಅಂದ್ರೆ ಸೋಲ್ತೀನಿ ಅಣ್ಣ. ಗೆದ್ದಿದ್ದನ್ನ ಸುಳ್ಳು ಅಂದ್ರೆ ಮಾತ್ರ ತಡಕೊಳ್ಳಕ್ಕೆ ಆಗಲ್ಲ," ಎಂದಳು.

ಅಷ್ಟರಲ್ಲಿ ಹಾಸನದಿಂದ ನವೀನ ಎಂಬುವನು ಬಂದ. ಅಲ್ಲಿಯ ಗೇಮ್ ಸೆಂಟರುಗಳಲ್ಲಿ ಅವನನ್ನು ಮೀರಿಸಿದವರಿಲ್ಲ ಎಂಬ ಮಾತಿತ್ತು. ಪಟ್ಟಿಯನ್ನು ನೋಡಿ, ಮರ್ಯಾದೆಯಿಂದಲೇ, "ಮೇಡಂ, ಜನರ ಎದುರಿಗೆ ಒಂದು ಸಲ ಆಡೋಣ್ವಾ? ಒಂದೇ ಕಂಪ್ಯೂಟರು, ಒಂದೇ ರಸ್ತೆ," ಎಂದ. ಮಂಜುಳ ಒಪ್ಪಿದಳು. ಜನರ ಎದುರಿಗೆ ಎಂದರೆ ಹೇಗೆ? ನಮ್ಮ ಅಂಗಡಿಯೊಳಗೆ ಹತ್ತು ಜನ ನಿಂತರೆ ಹನ್ನೊಂದನೆಯವನ ಮೊಣಕೈ ಕೀಬೋರ್ಡಿನ ಮೇಲಿರುತ್ತಿತ್ತು. ಬಾಗಿಲಲ್ಲಿ ಇನ್ನೊಂದು ಮಾನಿಟರ್ ಇಟ್ಟು, ಆಟವನ್ನು ಬೀದಿಗೆ ಕಾಣಿಸೋಣ ಎಂಬ ಉಪಾಯ ನನ್ನದು. ಎರಡು ಮಾನಿಟರ್ ಸಿಕ್ಕಿಸಲು ಬರುವ ಗ್ರಾಫಿಕ್ಸ್ ಕಾರ್ಡು ನಮ್ಮಲ್ಲಿ ಒಂದು ಕಂಪ್ಯೂಟರಿಗೆ ಮಾತ್ರ ಇತ್ತು. ಒಂದೇ ಸಾಕಾಗಿತ್ತು.

ಆ ಇನ್ನೊಂದು ಮಾನಿಟರನ್ನು ತಂದದ್ದು ಬೇಲೂರಿನಿಂದ. ಅಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಗೆಳೆಯ ದೇವರಾಜ ತನ್ನ ದೊಡ್ಡ ಮಾನಿಟರನ್ನು ಎರವಲು ಕೊಟ್ಟ. ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಹಳೇಬೀಡು ದಾಟುವ ಹೊತ್ತಿಗೆ ಕಾಲು ನನ್ನದೆಂಬ ಅರಿವೇ ಹೋಗಿತ್ತು. ಹುಲಿಕೆರೆಯ ಕಡೆಗೆ ಹೋಗುವ ಮುದುಕಿಯೊಬ್ಬಳು ಇಳಿಯುವಾಗ, "ಟಿವಿ ತಗಂಡೇನಪ್ಪಾ? ಮನೆಯೋರು ಖುಷಿ ಬೀಳ್ತಾರೆ ಬಿಡು," ಎಂದು ಹರಸಿದಳು. ಕಂಡಕ್ಟರು ಮಾತ್ರ, "ಅದ್ನ ಕೆಳಗಿಡ್ರೀ, ಇಲ್ಲಾಂದ್ರೆ ಅದಕ್ಕೂ ಸೀಟಿನ ಟಿಕೆಟ್ ಹರೀತೀನಿ," ಎಂದು ಗದರಿಸುತ್ತಲೇ ಇದ್ದ. ಜಾವಗಲ್ಲಿನಲ್ಲಿ ಕಾಯಿಯ ಮೂಟೆಗಳು ಹತ್ತಿದ ಮೇಲೆ ಕೆಳಗೆ ಜಾಗವೇ ಇಲ್ಲವಾಗಿ, ಅವನೂ ಸುಮ್ಮನಾದ.

ಪಂದ್ಯಕ್ಕೆ ಬಹುಮಾನ ಕೊಡಲು ಒಪ್ಪಿದವರು ಪಕ್ಕದ ಕೊಬ್ಬರಿ ಮಂಡಿಯ ರುದ್ರಪ್ಪನವರು. ಹಣೆ ತುಂಬಾ ವಿಭೂತಿ, ಬಾಯಿ ತುಂಬಾ ನಗು. ಬಹುಮಾನವೆಂದರೆ ಒಂದು ಶಾಲು, ಒಂದು ಮೂಟೆ ತೆಂಗಿನಕಾಯಿ. ಬದಲಿಗೆ ಅವರದೊಂದು ಆಸೆ: "ಬೀದೀಲಿ ಇಡೋ ಟಿವೀಲಿ ನಮ್ ಮಂಡಿ ಅಡ್ವಟೈಜು ಬರ್ಲಿ ಕಣಪ್ಪ. ಕಾಯಿ ಗಿರಗಿರ ತಿರುಗ್ಬೇಕು." ನನಗೆ ಉತ್ಸಾಹ ಬಂದರೆ ತಡೆಯುವವರಿಲ್ಲ. ಆಟದ ಚಿತ್ರವನ್ನು ಬಿಡದೆ ನಕಲು ಮಾಡಿ ಎರಡನೆಯ ಮಾನಿಟರಿನ ಅರ್ಧಕ್ಕೆ ಕಳಿಸುವ ಸಾಫ್ಟ್‌ವೇರೊಂದನ್ನು ಹುಡುಕಿ ಹಾಕಿದೆ. ಉಳಿದರ್ಧದಲ್ಲಿ ರುದ್ರಪ್ಪನವರ ತೆಂಗಿನಕಾಯಿಯ ವೀಡಿಯೋ ತಿರುಗುತ್ತಿತ್ತು. ನೋಡಲು ಬಹಳ ಚೆನ್ನಾಗಿತ್ತು ಎಂದು ಈಗಲೂ ಹೇಳುತ್ತೇನೆ.

ಪಂದ್ಯದ ಹಿಂದಿನ ಭಾನುವಾರ ಎಲ್ಲರೆದುರಿಗೆ ತಾಲೀಮು ಇಟ್ಟೆವು. ಬೀದಿಯಲ್ಲಿ ಜನ ಸೇರಿದರು. ಮಂಜುಳ ಒಳಗೆ ಕೂತು ಕಾರು ಹೊರಡಿಸಿದಳು. ಅವಳ ಕಾರು ಕುಂಟತೊಡಗಿತು. ರಸ್ತೆ ಹರಿಯುವ ಬದಲು ತುಂಡು ತುಂಡಾಗಿ ಬರುತ್ತಿತ್ತು. ಅವಳು ಕೀಲಿ ಒತ್ತಿದ ಮೇಲೆ ಕಾರು ಯೋಚಿಸಿ ತಿರುಗುತ್ತಿತ್ತು. ಮೂರನೆಯ ತಿರುವಿನಲ್ಲಿ ಗೋಡೆಗೆ ಗುದ್ದಿತು. ಬೀದಿ ಗೊಳ್ಳೆಂದು ನಕ್ಕಿತು. "ಈಗ ಗೊತ್ತಾತಲ್ಲ ಯಾರ ಟೈಮು ಅಂತ!" ಎಂದು ಯಾರೋ ಕೂಗಿದರು. ಇನ್ನೊಬ್ಬ ಶಿಳ್ಳೆ ಹಾಕಿದ. ಮಂಜುಳ ಆಟ ಮುಗಿಸಿಯೇ ಎದ್ದಳು. ಮುಖ ಕೆಂಪಾಗಿತ್ತು. ಯಾರನ್ನೂ ನೋಡದೆ ಹಿಂದಿನ ಕೋಣೆಗೆ ಹೋಗಿ ನೀರು ಕುಡಿದಳು.

ಜನ ಕರಗಿದ ಮೇಲೆ ನಾನು ಎರಡನೆಯ ಮಾನಿಟರಿನ ತಂತಿ ಕಿತ್ತು, ಆಟ ಹಾಕಿ ನೋಡಿದೆ. ನುಣ್ಣಗೆ ಓಡಿತು. ತೀರ್ಪು ಕೊಟ್ಟೇಬಿಟ್ಟೆ: "ಒಬ್ಬನ ಊಟಾನ ಎರಡು ಎಲೆಗೆ ಬಡಿಸಿದ ಹಾಗಾಗಿದೆ. ಎರಡನೇ ಮಾನಿಟರ್ ಅರ್ಧ ಶಕ್ತಿ ತಿಂತಾ ಇದೆ. ಅದು ಬೇಡ. ಪಂದ್ಯ ಒಳಗೇ ಆಗ್ಲಿ."

"ಒಳಗೆ ಗೆದ್ರೆ ಮತ್ತೆ ಅದೇ ಮಾತು ಬರುತ್ತೆ," ಎಂದಳು ಮಂಜುಳ. ಆಮೇಲೆ ಕೇಳಿದಳು: "ಅಣ್ಣ, ನಾನು ಗೋಡೆಗೆ ಗುದ್ದಿ, ಕಾರು ಹಿಂದಕ್ಕೆ ತಗೊಂಡು, ಮತ್ತೆ ರಸ್ತೆಗೆ ಬಂದ ಮೇಲೆ ಜನ ನಕ್ಕರು. ಅಷ್ಟು ತಡ ಯಾಕೆ?"

ನಾನು, ಹಳ್ಳಿಯ ಜನ ನಿಧಾನ ಎಂದೇನೋ ಹೇಳಿದೆ. ಅವಳು ಅಲ್ಲವೆಂದು ತಲೆಯಾಡಿಸಿದಳು. "ಅವರಿಗೆ ಚಿತ್ರ ತಡವಾಗಿ ಹೋಗ್ತಾ ಇತ್ತು. ಅಂದ್ರೆ ಮಾನಿಟರ್ ತಿಂತಿಲ್ಲ ಕಣೋ, ನಿನ್ನ ನಕಲು ಮಾಡೋ ಸಾಫ್ಟ್‌ವೇರ್ ತಿಂತಾ ಇದೆ. ಅದರ ಜೊತೆಗೆ ಆ ಕಾಯಿ."

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯದೆ ಇಬ್ಬರೂ ಪರೀಕ್ಷೆಗೆ ಕೂತೆವು. ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತಿದ್ದೇನೆ ಎಂದು ಆಟವೇ ಮೂಲೆಯಲ್ಲಿ ಒಂದು ಅಂಕಿ ತೋರಿಸುತ್ತಿತ್ತು. ಎರಡನೆಯ ಮಾನಿಟರ್ ಸಿಕ್ಕಿಸಿ ಅದರಲ್ಲಿ ಏನೂ ಓಡಿಸದೆ ಬಿಟ್ಟೆವು. ಅಂಕಿ ಹೆಚ್ಚುಕಡಿಮೆ ಅಲ್ಲೇ ಇತ್ತು. ತೆಂಗಿನಕಾಯಿಯನ್ನು ತಿರುಗಿಸಿದೆವು, ಇಳಿಯಿತು. ನಕಲಿನ ಸಾಫ್ಟ್‌ವೇರನ್ನೂ ಸೇರಿಸಿದೆವು; ಕುಸಿದೇಬಿಟ್ಟಿತು. ಇಷ್ಟಕ್ಕೆ ನಿಲ್ಲದ ನಾನು, ಆಟವನ್ನೇ ಎರಡೂ ಪರದೆಗೆ ಹಿಗ್ಗಿಸಿ ಅಗಲವಾದ ರಸ್ತೆ ಮಾಡಿ ನೋಡೋಣ ಎಂದೆ. ಎರಡರಷ್ಟು ಚಿತ್ರ ಬಿಡಿಸಬೇಕಾಗಿ ಬಂದು ಕಾರು ಎತ್ತಿನಗಾಡಿಯಾಯಿತು. ಸಾಲದ್ದಕ್ಕೆ, ಪಕ್ಕಪಕ್ಕ ಇಟ್ಟ ಎರಡು ಮಾನಿಟರುಗಳೂ, ಒಂದರೊಳಗಿನ ಅಯಸ್ಕಾಂತ ಇನ್ನೊಂದನ್ನು ಕೆಣಕಿ, ಚಳಿ ಹತ್ತಿದವರಂತೆ ನಡುಗಿದವು. ಕೊನೆಗೆ ಮಂಜುಳ ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗಿನಲ್ಲಿ, ಒಂದೇ ಚಿತ್ರವನ್ನು ಎರಡೂ ಮಾನಿಟರಿಗೆ ಕೊಡು ಎನ್ನುವ ಆಯ್ಕೆಯನ್ನು ಒತ್ತಿದಳು. ಚಿತ್ರ ಬಿಡಿಸುವುದು ಒಂದೇ ಸಲ. ಕಾಣುವುದು ಎರಡು ಕಡೆ. ಆಟ ಓಡಿತು. ಅಂಕಿ ಅಲ್ಲಾಡಲಿಲ್ಲ. ಬಾಗಿಲಲ್ಲಿಯೂ ಅದೇ ರಸ್ತೆ, ಅದೇ ವೇಗ. ನಾನು ಒಳಗಿನದನ್ನೂ ಹೊರಗಿನದನ್ನೂ ಓಡಾಡಿ ನೋಡಿದೆ. ಮಂಜುಳ ಅಂದು ಮೊದಲ ಸಲ ನಕ್ಕಳು.

ಈಗ ರುದ್ರಪ್ಪನವರಿಗೆ ಕಾಯಿ ತಿರುಗುವುದಿಲ್ಲ ಎಂದು ಹೇಳಬೇಕಿತ್ತು. ಹೇಳಿದರೆ ಬಹುಮಾನವೇ ಹೋದೀತೆಂದು ನಾನು ಮಂಡಿಯ ಮೆಟ್ಟಿಲಲ್ಲೇ ನಿಂತೆ. ಮಂಜುಳ ನೇರ ಒಳಗೆ ಹೋಗಿ, "ನಿಮ್ಮ ಕಾಯಿ ತಿರುಗಿದ್ರೆ ನನ್ನ ಕಾರು ತಿರುಗಲ್ಲ, ಸಾಹುಕಾರ್ರೇ," ಎಂದಳು.

ರುದ್ರಪ್ಪನವರು ಗಹಗಹಿಸಿ ನಕ್ಕರು. "ಹಂಗಂತೀಯಾ? ಬುಡು ಮತ್ತೆ. ಬಟ್ಟೆ ಮೇಲೆ ಬರ್ಸಿ ಟಿವಿ ಸುತ್ತ ಕಟ್ತೀನಿ. ಎಲ್ಲಾರೂ ನಿನ್ನ ನೋಡೋಕ್ ಬತ್ತಾರೆ, ಕಾಯಿ ಎಲ್ಗೋಯ್ತದೆ?"

ಪಂದ್ಯದ ಭಾನುವಾರ ಬಿಸಿಲಿಳಿಯುವ ಹೊತ್ತಿಗೆ ಬೀದಿ ತುಂಬಿತ್ತು. ರೈಲಿಳಿದು ಬಂದವರೂ ಚೀಲ ಹಿಡಿದೇ ನಿಂತರು. ಮೊದಲು ನವೀನ ಆಡಿದ. ಅವನ ಕೈ ಸೊಗಸಾದ ಕೈ. ಎಲ್ಲಿಯೂ ಗೋಡೆಗೆ ತಾಗಲಿಲ್ಲ. ಮಂಜುಳಳ ಹಳೆಯ ದಾಖಲೆಯನ್ನೇ ಮುರಿದುಬಿಟ್ಟ. ಬೀದಿ ಚಪ್ಪಾಳೆ ತಟ್ಟಿತು. ಇನ್ನು ಅವಳು ಹಿಂದೆಂದೂ ಓಡಿಸದಷ್ಟು ವೇಗವಾಗಿ ಓಡಿಸಬೇಕಿತ್ತು.

ಮಂಜುಳ ಸೆರಗು ಸಿಕ್ಕಿಸಿಕೊಂಡು ಕೂತಳು. ಕಾರು ಹೊರಟಿತು. ಮೊದಲ ತಿರುವು, ನನ್ನ ಸಮುದ್ರ, ಸುಮ್ಮನೆ ಹಾದುಹೋಯಿತು. ಮೂರನೆಯ ತಿರುವಿನ ಗೋಡೆ ಹತ್ತಿರವಾದಾಗ ಹೊರಗಿದ್ದವರು "ಓಓ" ಎಂದರು. ಗೋಡೆಗೆ ಕೂದಲೆಳೆಯಷ್ಟು ಬಿಟ್ಟು ಕಾರು ಜಾರಿಕೊಂಡಿತು. ಆ ಸದ್ದು ಸರಿಯಾಗಿ ಆ ಕ್ಷಣಕ್ಕೇ ಬಂದಿತ್ತು! ಅವಳು ಕಂಡದ್ದನ್ನೇ, ಅವಳು ಕಂಡಾಗಲೇ, ಬೀದಿಯೂ ಕಾಣುತ್ತಿತ್ತು. ಕೊನೆಯ ತಿರುವಿನಲ್ಲಿ ಎಲ್ಲರೂ ವೇಗ ತಗ್ಗಿಸುತ್ತಿದ್ದರು. ಅವಳು ತಗ್ಗಿಸಲಿಲ್ಲ. ಕಾರಿನ ಹಿಂಭಾಗ ಒಮ್ಮೆ ಹೊರಳಿತು, ನೆಟ್ಟಗಾಯಿತು, ಗೆರೆ ದಾಟಿತು. ಗೆರೆ ದಾಟಿದ್ದೂ ಬೀದಿಯ ಕೂಗು ಸಿಡಿದದ್ದೂ ಒಟ್ಟಿಗೇ. ಪಟ್ಟಿಯ ತುದಿಯಲ್ಲಿ ಅವಳ ಹೆಸರು ಮೂಡುವುದನ್ನು ನೋಡಲು ನಾನು ಕಣ್ಣೊರೆಸಿಕೊಳ್ಳಬೇಕಾಯಿತು.

ನವೀನ ಎದ್ದು ಕೈ ಮುಗಿದ. "ಮೇಡಂ, ಆ ಕೊನೇ ತಿರುವು ಹೇಳಿಕೊಡಿ," ಎಂದ. ರುದ್ರಪ್ಪನವರು ಶಾಲು ಹೊದಿಸಿ, ಹತ್ತು ಅಂಗಡಿಯಾಚೆಗೂ ಕೇಳುವಂತೆ, "ಯಾವನ್ಲಾ ಅದು ಅಣ್ಣ ಓಡ್ಸವ್ನೆ ಅಂದೋನು? ಮುಂದಕ್ ಬಾ!" ಎಂದರು. ಯಾರೂ ಮುಂದಕ್ಕೆ ಬರಲಿಲ್ಲ. ಅವತ್ತಿನ ಶಿಳ್ಳೆಯವನು ಈಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ.

ಅಂಗಡಿ ಮುಚ್ಚಿ ಬಹಳ ವರ್ಷವಾಯಿತು. ಮಂಜುಳ ಈಗ ಬೇಲೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಾಳೆ. ಇದನ್ನೆಲ್ಲ ನೆನೆದ ಮಾರನೆಯ ದಿನ ಅವಳಲ್ಲಿಗೆ ಹೋಗಿದ್ದೆ. ಇಬ್ಬರೂ ಬಸ್ ಸ್ಟ್ಯಾಂಡಿನ ಹತ್ತಿರ ಆಟೋ ಹತ್ತಿದೆವು. ಒಳಗೆ ಆಗಲೇ ಒಬ್ಬ ಹೆಂಗಸು ಮಗಳೊಂದಿಗೆ ಕೂತಿದ್ದಳು. ಡ್ರೈವರು ಕನ್ನಡಿಯಲ್ಲಿ ಮಂಜುಳಳನ್ನೇ ನೋಡಿದ.

"ಅಕ್ಕ, ನೀವು ಅರಸೀಕೆರೇಲಿ ಕಾರ್ ರೇಸ್ ಗೆದ್ದೋರಲ್ವಾ? ನಾನು ಬೀದೀಲಿ ನಿಂತಿದ್ದೆ. ಕೊನೆ ತಿರುವ್ನಾಗೆ ಎಡಗಡೆಯಿಂದ ನುಗ್ಗುಸ್ಬುಟ್ರಲ್ಲಾ!"

"ಬಲಗಡೆ ಇರ್ಬೇಕು ಕಣಪ್ಪ."

"ಎಡಗಡೆ ಕಣಕ್ಕ. ನಾನೇ ಕಣ್ಣಾರೆ ನೋಡೀನಿ."

ಮಂಜುಳ ನಕ್ಕು ಒಪ್ಪಿಕೊಂಡಳು. ಅವನು ಆಟೋ ಹೊರಡಿಸಿ, ಹೆಂಗಸಿಗೂ ಮಗಳಿಗೂ ಆ ದಿನದ ಕಥೆಯನ್ನು ಹೇಳತೊಡಗಿದ. ಇಷ್ಟು ವರ್ಷ ಆ ಕಥೆಯನ್ನು ನಾನು ನನ್ನದೆಂಬಂತೆಯೇ ಹೇಳಿಕೊಂಡು ಬಂದಿದ್ದೆ: ನನ್ನ ಅಂಗಡಿ, ನನ್ನ ಉಪಾಯ, ಬೇಲೂರಿನಿಂದ ನಾನು ಹೊತ್ತು ತಂದ ಮಾನಿಟರ್. ಅವನ ಕಥೆಯಲ್ಲಿ ನಾನು ಇರಲೇ ಇಲ್ಲ. ಹುಡುಗಿ ತಿರುಗಿ ಮಂಜುಳಳನ್ನು ಬೆರಗಿನಿಂದ ನೋಡುತ್ತಿದ್ದಳು. ಮಂಜುಳ ಸ್ವಲ್ಪ ನೆಟ್ಟಗೆ ಕೂತಳು. ನಾನು ಅಂಚಿಗೆ ಸರಿದು ಜಾಗ ಬಿಟ್ಟು, ಬಾಯಿ ಮುಚ್ಚಿಕೊಂಡು ಕೇಳಿದೆ. ನನಗಿಂತ ಚೆನ್ನಾಗಿ ಹೇಳುತ್ತಿದ್ದ.