ಚೆಂಡು ವಾಪಸ್ ಕೊಟ್ಟ ನಮ್ಮತ್ತೆ

ಚೆಂಡು ಹಾರಿ ಬಂದು, ಮೈಸೂರಿನಿಂದ ಬಂದಿದ್ದ ನಮ್ಮತ್ತೆಯ ಮಡಿಲಿಗೇ ಬಿತ್ತು. ಅಮೆರಿಕದಲ್ಲಿ ನಾವಿರೋ ಊರು ಸೀಡರ್ ಪಾರ್ಕಿನ ಒಳಾಂಗಣ ಕ್ರೀಡಾಂಗಣದಲ್ಲಿ ಅಮೆರಿಕನ್ ಫುಟ್‌ಬಾಲ್ ನಡೀತಿತ್ತು. ಪ್ರೇಕ್ಷಕರ ಕಡೆ ಬಂದ ಚೆಂಡು ಹಿಡಿದವರಿಗೇ ಸೇರುತ್ತೆ ಅಂತ ನಾನು ಹೇಳುವಷ್ಟರಲ್ಲಿ ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ, ಮೆಟ್ಟಿಲಿಳಿದು ಹೋಗಿ, ಗೋಡೆಯಂತಿದ್ದ ಆಟಗಾರನೊಬ್ಬನ ಕೈಗಿಟ್ಟರು.

“ಪಾಪ, ಇದಿಲ್ಲದೆ ಹೇಗಪ್ಪಾ ಆಡ್ತೀರಾ?”

ಅವನು ನಕ್ಕು ವಾಪಸ್ ಕೊಟ್ಟ. ಮದುವೆಮನೆಯಲ್ಲಿ ತಾಂಬೂಲ ಕೊಡೋ ಹಾಗೆ ಇವರು ಮತ್ತೆ ಒತ್ತಾಯ ಮಾಡಿದರು. ಮೂರನೇ ಸಲಕ್ಕೆ ಅವನೇ ಸೋತು ಇಟ್ಟುಕೊಂಡ. ಜನರೆಲ್ಲ ಚಪ್ಪಾಳೆ ತಟ್ಟಿದರು. ನಾನು ಪಾಪ್‌ಕಾರ್ನ್ ಡಬ್ಬದಲ್ಲಿ ಮುಖ ಮುಚ್ಚಿಕೊಂಡೆ.

ಕೆಲವು ವರ್ಷಗಳಲ್ಲಿ ಆ ಆಟಗಾರನ ತಂಡವೇ ಮುಚ್ಚಿಹೋಯಿತು. ಮೈಸೂರಿಗೆ ಫೋನ್ ಮಾಡಿ ಹೇಳಿದಾಗ ಅತ್ತೆ ಲೊಚಗುಟ್ಟಿದರು: “ನಾನೊಬ್ಬಳೇ ಕೊಟ್ಟರೆ ಸಾಕಾ? ಮಿಕ್ಕವರೂ ಚೆಂಡು ವಾಪಸ್ ಕೊಡಬೇಕಿತ್ತು!”