ಹಾಡು ಮುಗಿದ ಮೇಲಿನ ಮಾತು

ಎಲೆ ಅಂಗಡಿಯ ಅಜ್ಜನ ಬಲಗೈ ಹೆಬ್ಬೆರಳ ಉಗುರು ಉದ್ದಕ್ಕೆ ಬೆಳೆದು, ದಪ್ಪಗಾಗಿ, ವೀಳ್ಯದೆಲೆಯ ರಸ ಕುಡಿದು ಕಪ್ಪಾಗಿತ್ತು. ಕತ್ತರಿ ಮುಟ್ಟುತ್ತಿರಲಿಲ್ಲ. ಆ ಉಗುರಿನಿಂದಲೇ ತೊಟ್ಟು ಚಿವುಟಿ, ಕೊಳೆತ ಅಂಚು ತೆಗೆದು, ಎಲೆಗಳನ್ನು ಒದ್ದೆ ಬಟ್ಟೆಯ ಮೇಲೆ ಜೋಡಿಸುತ್ತಿದ್ದರು. ಸವಣೂರು ಪೇಟೆಯಲ್ಲಿ ಅವರ ಅಂಗಡಿಗೂ ನನ್ನ ಜೆರಾಕ್ಸ್ ಅಂಗಡಿಗೂ ನಡುವೆ ಒಂದೇ ಗೋಡೆ. ನನ್ನ ಮಷೀನು ಸದ್ದು ಮಾಡಿದರೆ ಅವರಿಗೆ ಸಿಟ್ಟು, ಅವರ ಹಾಡು ಶುರುವಾದರೆ ನನಗೆ.

ಹಾಡೆಂದರೆ ಬರೀ ಗ್ರಾಮಫೋನ್ ಕಾಲದವರದು. ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಮೊಬೈಲಿನಲ್ಲಿ, ಮೂಗಿನಿಂದ ಎತ್ತರಕ್ಕೆ ಕೂಗುವ ದನಿ, ಅದರ ಮೇಲೆ ಖರಖರ.

"ಏನ್ ಕೇಳ್ತೀರಿ ಅಜ್ಜಾರ ಇದನ್ನ? ಕಡ್ಲಿ ಹುರದಂಗ ಐತಿ" ಎಂದು ಕಾಡಿಸುತ್ತಿದ್ದೆ.

"ಗದ್ಲಾ ಯಾಕ ಕೇಳ್ತಿ? ಅದರ ಹಿಂದ ಮನಷ್ಯಾ ನಿಂತಾನ, ಅವನ್ನ ಕೇಳು. ಮೂರು ನಿಮಿಷದಾಗ ಎಲ್ಲಾ ಹೇಳಿ ಮುಗಸಬೇಕಾಗಿತ್ತು ಅವರು. ಸುಳ್ಳು ಹಾಡಾಕ ಯಾಳೆ ಎಲ್ಲಿತ್ತು?"

ಗಿರಾಕಿಯಿಲ್ಲದ ಬೇಸಿಗೆ ಮಧ್ಯಾಹ್ನಗಳಲ್ಲಿ ಆ ಹುಚ್ಚು ಯಾವಾಗ ನನಗೂ ಹತ್ತಿತೋ ತಿಳಿಯಲಿಲ್ಲ. ಹಳೆಯ ಗ್ರಾಮಫೋನ್ ತಟ್ಟೆಗಳಿಗಾಗಿ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನು ಅಲೆಯತೊಡಗಿದೆ. ಆ ಕಾಲದ ಎಷ್ಟೋ ತಟ್ಟೆಗಳಲ್ಲಿ ಒಂದು ಪದ್ಧತಿಯಿತ್ತು: ಹಾಡು ಮುಗಿದೊಡನೆ ಹಾಡಿದವರು ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಆ ಹೆಸರು ಬರುವವರೆಗೂ ಅಜ್ಜ ಗಿರಾಕಿಗೆ ಎಲೆ ಕೊಡುತ್ತಿರಲಿಲ್ಲ. ಹತ್ತಿಮತ್ತೂರಿನವರು ಬಸ್ಸು ಹೋಗುತ್ತದೆಂದು ಗೊಣಗಿದರೂ ಅಷ್ಟೆ.

ಯಾಕೆಂಬುದು ನಾನು ಗುಜರಿಯಿಂದ ಗ್ರಾಮಫೋನೊಂದನ್ನು ತಂದ ದಿನ ಗೊತ್ತಾಯಿತು. ಅಜ್ಜನ ತಾಯಿ ಬಂಕಾಪುರದಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವರು. ಮದುವೆಗೆ ಮುಂಚೆ ಒಂದೇ ಒಂದು ತಟ್ಟೆಗೆ ಹಾಡಿದ್ದರು. ಅಜ್ಜನನ್ನು ಹೆತ್ತು ಬಾಣಂತನದಲ್ಲೇ ತೀರಿಕೊಂಡರು. ಒಂದು ಫೋಟೋ ಕೂಡ ಉಳಿದಿಲ್ಲ. ಅಜ್ಜನ ತಂದೆ ಆಗಾಗ ಆ ತಟ್ಟೆ ಹಾಕುತ್ತಿದ್ದರಂತೆ, ಆದರೆ ಹಾಡು ಮುಗಿಯುತ್ತಲೇ ತಟ್ಟೆಯ ಮೇಲಿನ ಮುಳ್ಳು ಎತ್ತಿಬಿಡುತ್ತಿದ್ದರಂತೆ.

"ಹಾಡು ತಡಕೋತಿದ್ದ ನಮ್ಮಪ್ಪ. ಮಾತು ತಡಕೊಳ್ಳಾಕ ಆಗ್ತಿರಲಿಲ್ಲ. ಕಡೀಕ ಆಕಿ ಮಾತಾಡ್ಯಾಳ ಅಂತ ಸಾಯೂಮುಂದ ಹೇಳಿದ. ಅಷ್ಟೊತ್ತಿಗೆ ಮಷೀನ ಮಾರಿ ಹೋಗಿತ್ತು, ತಟ್ಟಿ ಅಷ್ಟ ನನ್ನ ಕಡೆ ಉಳದೈತಿ."

"ಇಷ್ಟ್ ವರ್ಷದಾಗ ಎಲ್ಲಿಯರ ಹಾಕಿಸಿ ಕೇಳಬೇಕಿಲ್ರಿ?"

ಅಜ್ಜ ತುಸು ಹೊತ್ತು ತೊಟ್ಟು ಚಿವುಟಿದರು. "ಮಾತು ಇಲ್ಲದಿದ್ರ?" ಎಂದರು.

ಮರುದಿನ ಮಧ್ಯಾಹ್ನ ಗ್ರಾಮಫೋನು ಹೊತ್ತುಕೊಂಡು ಹೋದಾಗ ಅವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದರು. ಕೈಯಲ್ಲಿದ್ದ ಬಿಳಿ ಬಟ್ಟೆ ಕಪ್ಪಾಗಿತ್ತು. ಪಕ್ಕದಲ್ಲಿ ಕರೋನಾ ಕಾಲದಿಂದ ಉಳಿದಿದ್ದ ಸ್ಯಾನಿಟೈಸರ್ ಬಾಟಲಿ.

ಆ ಕಾಲದ ತಟ್ಟೆ ಅರಗಿನದು, ಸ್ಯಾನಿಟೈಸರಿನಲ್ಲಿರುವ ಸ್ಪಿರಿಟ್ ತಾಗಿದರೆ ಕರಗುತ್ತದೆ. "ಬಿಡ್ರಿ ಅಜ್ಜಾರ, ಅದು ಹೊಲಸಲ್ರಿ, ತಟ್ಟೀನ ಕರಗಾಕತ್ತೈತಿ" ಎಂದು ಕಸಿದುಕೊಂಡೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಪ್ಪಾದ ಬಟ್ಟೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಅವ್ವನ್ನ ಧೂಳಾಗ ಹೆಂಗ ಕುಂದರ್ಸೂದು ಅಂತ ವರಸಾಕತ್ತಿದ್ನಿ."

ತಟ್ಟೆ ಅಂಚಿನಿಂದ ಒಳಕ್ಕೆ ಹಾಡುತ್ತದೆ. ಅಂಚಿನ ಬೆರಳಗಲದಷ್ಟು ಗೆರೆ ಮಾಸಿಹೋಗಿತ್ತು, ಅಂದರೆ ಹಾಡಿನ ಶುರು ಹೋದಂತೆಯೇ. ಒಂದೆರಡು ಹನಿ ಒಳಗೂ ಸಿಡಿದಿದ್ದವು. ಮುಳ್ಳು ಅಲ್ಲಿ ಸಿಕ್ಕಿಕೊಂಡರೆ ಉಳಿದದ್ದೂ ಹಾಳು. ಒಣಗಲಿ, ಇನ್ನೊಂದು ದಿನ ನೋಡೋಣ ಎಂದೆ.

"ಇವತ್ತ ಹಾಕು, ತಂಗಿ. ನಾಳೆ ನನಗ ಧೈರ್ಯ ಇರಂಗಿಲ್ಲ."

ಒಂದಷ್ಟು ಹೊತ್ತು ಒಣಗಲು ಬಿಟ್ಟು, ಮೊಬೈಲಿನ ರೆಕಾರ್ಡಿಂಗ್ ಒತ್ತಿ, ಮಾಸದಿದ್ದ ಕಡೆ ಮುಳ್ಳು ಇಟ್ಟೆ. ಅದು ಒಮ್ಮೆ ಜಾರಿತು. ಇನ್ನೊಮ್ಮೆ ಒಂದೇ ಅಕ್ಷರಕ್ಕೆ ಸಿಕ್ಕಿಕೊಂಡು ಸುತ್ತತೊಡಗಿತು. ನಾನು ಮೆಲ್ಲಗೆ ಬೆರಳು ತಾಗಿಸಿದೆ, ದಾಟಿತು. ಆಗ ದನಿ ಎದ್ದು ಬಂತು. ಡೇರೆಯ ಕಟ್ಟಕಡೆಯ ಸಾಲಿಗೂ ಮುಟ್ಟುವ ಗಟ್ಟಿ, ತುಂಬು ದನಿ. ಹಾಡು ಮುಗಿಯಿತು.

ಮುಗಿದದ್ದೇ ತಡ, ಅಜ್ಜನ ಕೈ ಮುಳ್ಳು ಎತ್ತಲು ಹೋಯಿತು. ಅಪ್ಪ ಮಾಡುತ್ತಿದ್ದುದನ್ನೇ ನೋಡಿ ಬೆಳೆದ ಕೈ ಅದು. ನಾನು ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಖರಖರ ಸಾಗಿತು. ಏನೂ ಇಲ್ಲ. ಇನ್ನೂ ಏನೂ ಇಲ್ಲ. ಆಮೇಲೆ ಒಂದು ಸಣ್ಣ ಕೆಮ್ಮು, ಅವಸರದಲ್ಲಿ ಹೇಳಿದ ಒಂದು ಹೆಸರು, ಊರು. ಊರಿನ ಹೆಸರು ಹೇಳುವಾಗ ದನಿ ನಡುಗಿತು.

ಹಾಡಿನ ದನಿ ನಂಬಿ ಅಜ್ಜ ಇಷ್ಟು ವರ್ಷ ಮನಸ್ಸಿನಲ್ಲಿ ಒಬ್ಬ ದೊಡ್ಡ ಹೆಂಗಸನ್ನು ಇಟ್ಟುಕೊಂಡಿದ್ದರು. ಮಾತಾಡಿದ್ದು ಹದಿನಾರೋ ಹದಿನೇಳೋ ತುಂಬಿದ ಹುಡುಗಿ.

"ನನ್ನ ಮೊಮ್ಮಗಳಿಗಿಂತ ಸಣ್ಣಾಕಿ ಅದಾಳ, ತಂಗಿ" ಎಂದರು. "ಭಾಳ ಅಂಜ್ಯಾಳ."

ಆ ರೆಕಾರ್ಡಿಂಗನ್ನು ಅವರ ಮೊಬೈಲಿಗೆ ಹಾಕಿಕೊಟ್ಟೆ. ತಟ್ಟೆಯನ್ನು ಮತ್ತೆ ತಿರುಗಿಸಲಿಲ್ಲ. ಕಳೆದ ಚಳಿಗಾಲದಲ್ಲಿ ಅಜ್ಜ ಹೋದರು. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ, ಗೋಡೆಯಾಚೆಯ ಮೌನ ನನಗೆ ಸಹಿಸಲಾಗುವುದಿಲ್ಲ. ಯಾವುದೇ ಹಳೆಯ ಹಾಡಿನ ಹಿಂದೆ ನಿಂತ ಮನುಷ್ಯರನ್ನು ಕೇಳುವ ಕಿವಿ ಅವರು ಕೊಟ್ಟದ್ದು.

ಅಜ್ಜ ತೀರಿಕೊಳ್ಳುವ ಹಿಂದಿನ ದಿನ ಅವರನ್ನು ನೋಡಲು ಹೋಗಿದ್ದೆ. ಕಣ್ಣು ಮುಚ್ಚಿಯೇ ಮೊಬೈಲು ತೋರಿಸಿದರು. ಹಾಡು ಬೇಡ, ಕೊನೆಯದಷ್ಟೇ ಸಾಕು ಎಂದರು. ಹಾಕಿದೆ. ಖರಖರ, ಆ ಸಣ್ಣ ಕೆಮ್ಮು. ಹೆಸರು ಬರುವ ಮುಂಚೆ ಅಜ್ಜ ಮೊಬೈಲಿನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಅಂಜಬ್ಯಾಡವಾ, ಹೇಳು. ನಾ ಇಲ್ಲೇ ಅದೇನಿ."